ಆಪ್ತವಾಕ್ಯ

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಎರಡೂ ತೊಡೆಗಳಲ್ಲಿ ಎದ್ದ ನೋವು ಡ್ರಿಲ್ ಮೇಷ್ಟರಿಗೆ ಅಪ್ರಿಯವಾಗಿ ತೋರಲಿಲ್ಲ. ಅದು ಬಂದೆರಗಿದ ನೋವಲ್ಲ, ಸಂಪಾದಿಸಿಕೊಂಡ ನೋವು. ದೇಹವಿನ್ನೂ ತಮ್ಮ ಆಜ್ಞೆಯಲ್ಲಿದೆ ಎಂಬುದಕ್ಕೆ ಮಾಂಸವೇ ಒತ್ತಿಕೊಟ್ಟ ಮುದ್ರೆ. ಕೆಳಗೆ ಲಿಫ್ಟಿನ ಬಾಗಿಲಲ್ಲಿ ತಮಗಿಂತ ಎಷ್ಟೋ ಚಿಕ್ಕವರು ಮೈಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಬಿಟ್ಟು, ಬೆನ್ನನ್ನು ಬಿಲ್ಲಾಗಿಸಿ ಕಾಯುತ್ತಿದ್ದುದನ್ನು ಕಂಡಾಗ, ನೆಟ್ಟಗೆ ನಿಲ್ಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕಂಬಿಯನ್ನು ಮುಟ್ಟದೆ ಮೇಲಿನ ಅಂತಸ್ತಿಗೆ ಹೋಗುವುದೆಂದು ನಿಶ್ಚಯಿಸಿದ್ದರು. ಆದರೆ ನಡುವಿನ ತಿರುವಿನಲ್ಲಿ ಮೊಣಕಾಲು ಅವರನ್ನು ಕೇಳದೆ ನಡುಗಿತು, ಕೈ ಅವರನ್ನು ಕೇಳದೆ ಕಂಬಿಯನ್ನು ಹಿಡಿಯಿತು. ಯಾರೂ ನೋಡಲಿಲ್ಲವೆಂದುಕೊಳ್ಳುವಷ್ಟರಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ತಲೆಯೆತ್ತಿ, ನಿಧಾನ ತಾತ, ನೆಲ ಒದ್ದೆಯಿದೆ ಎಂದಳು. ತಾತ ಎಂಬ ಆ ಪದವನ್ನು ಮೇಷ್ಟರು ಉಳಿದ ಮೆಟ್ಟಿಲುಗಳುದ್ದಕ್ಕೂ ತುತ್ತಿನಲ್ಲಿ ಸಿಕ್ಕ ಕಲ್ಲಿನಂತೆ ಬಾಯಲ್ಲಿಟ್ಟುಕೊಂಡೇ ನಡೆದರು. ನುಂಗಲಾಗಲಿಲ್ಲ, ಉಗುಳಲೂ ಆಗಲಿಲ್ಲ. ಶಾಲೆಯಲ್ಲಿ ಮಕ್ಕಳು ಬೆನ್ನ ಹಿಂದೆ ಅವರನ್ನು ಸಲಾಕೆ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಕೋಪವನ್ನು ನಟಿಸಿ ಒಳಗೊಳಗೇ ಬೀಗಿದ್ದುಂಟು.

ಇಂದು ತಿಳಿಯಬೇಕಾಗಿದ್ದುದು ಒಂದೇ ಸಂಗತಿ: ಯಕೃತ್ತಿನಲ್ಲಿ ಕಲೆ ಕಟ್ಟಿದೆಯೋ ಇಲ್ಲವೋ. ಹೆಪಟೈಟಿಸ್ಸಿನ ವೈರಸ್ಸು ಅವರ ರಕ್ತವನ್ನು ಹೊಕ್ಕದ್ದು ಬಹುಶಃ ಎಳವೆಯಲ್ಲಿ, ಮನೆಮಂದಿಯ ತಲೆಗೂ ಗಡ್ಡಕ್ಕೂ ಒಂದೇ ಕತ್ತಿಯಿದ್ದ ಕಾಲದಲ್ಲಿ. ಗದ್ದಲ ಮಾಡದ, ಬಿಡಿಸಿದರೂ ಬಿಡದ ಬಾಡಿಗೆದಾರನಂತೆ ಅದು ಅಲ್ಲಿಯೇ ಉಳಿದಿತ್ತು. ನೋವಿಲ್ಲ, ಜ್ವರವಿಲ್ಲ. ಅಂಥ ಯಕೃತ್ತು ಗಾಯಗೊಂಡು, ಮಾಯ್ದು, ಮಾಯ್ದಲ್ಲೆಲ್ಲ ನಾರುಗಟ್ಟುತ್ತ ಹೋಗಿ ಕೊನೆಗೆ ಕಲ್ಲಾಗುವುದುಂಟು. ಆಗದೆ ಇರುವುದೂ ಉಂಟು. ಒಳಹೊಕ್ಕು ನೋಡದೆ ಅದನ್ನು ತಿಳಿಯಲು ವೈದ್ಯರು ರಕ್ತದ ಗುರುತುಗಳಿಂದ ಒಂದು ಅಂಕವನ್ನು ಕಟ್ಟುತ್ತಾರೆ: ಯಕೃತ್ತಿನಿಂದ ರಕ್ತಕ್ಕೆ ಸೋರುವ ಎರಡು ಕಿಣ್ವಗಳು, ಪ್ಲೇಟ್‌ಲೆಟ್‌ಗಳ ಸಂಖ್ಯೆ, ಜೊತೆಗೆ ರೋಗಿಯ ವಯಸ್ಸು. ಈ ಆಸ್ಪತ್ರೆಯಲ್ಲಿ ಆ ಲೆಕ್ಕವನ್ನು ರೂಢಿಗೆ ತಂದವಳು ಕೆಳಗಿನ ಪ್ರಯೋಗಾಲಯದ ಮುಖ್ಯ ವೈದ್ಯೆಯಾದ ಅವರ ಮಗಳೇ. ಅದಕ್ಕೆ ಮೊದಲು ಯಕೃತ್ತಿನ ಎಳೆ ತೆಗೆಯಲು ಎಲ್ಲರ ಪಕ್ಕೆಗೂ ಸೂಜಿ ಇಳಿಯುತ್ತಿತ್ತು. ಅವಳು ಸಭೆಯಿಂದ ಸಭೆಗೆ ಹೋಗಿ ವಾದಿಸಿ, ಅಂಕ ಗೆರೆ ದಾಟಿದವರಿಗೆ ಮಾತ್ರ ಸೂಜಿ ಎಂಬ ಪದ್ಧತಿಯನ್ನು ತಂದಿದ್ದಳು. ವಯಸ್ಸನ್ನೂ ಗುಣಿಸುತ್ತಾರೆಂದು ಅವಳು ಮೊದಲ ಸಲ ವಿವರಿಸಿದಾಗ ಮೇಷ್ಟರಿಗೆ ಸಿಟ್ಟು ಬಂದಿತ್ತು.

"ವಯಸ್ಸಾಗೋದೂ ಒಂದು ರೋಗವೇನಮ್ಮ?"

"ಲೆಕ್ಕ ಕಂಡುಹಿಡಿದಿದ್ದು ನಾನಲ್ಲಪ್ಪ. ನನ್ನ ಮೇಲೆ ಯಾಕೆ ಹಾರಾಡ್ತೀರಿ?"

ಹಾರಾಡಿದ್ದು ಅವಳ ಮೇಲಲ್ಲ. ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಈ ವಿದ್ಯೆಯ ಎದುರು ಅವರು ಬಾಲ್ಯದಿಂದಲೂ ಸೋತವರು. ತಂದೆ ತರ್ಕಶಾಸ್ತ್ರದ ಪಂಡಿತರು. ಚಾಪೆಯ ಮೇಲೆ ಕಂಬದಂತೆ ಕುಳಿತು ಪಾಠ ಹೇಳುತ್ತಿದ್ದರು. ದೂರದ ಬೆಟ್ಟದಲ್ಲಿ ಹೊಗೆ ಕಂಡು ಅಲ್ಲಿ ಬೆಂಕಿಯುಂಟೆಂದು ತಿಳಿದರೆ ಅದು ಅನುಮಾನ. ಹತ್ತಿ ಹೋಗಿ ಬೆಂಕಿಯನ್ನೇ ಕಂಡರೆ ಪ್ರತ್ಯಕ್ಷ. ಅಲ್ಲಿಂದ ಇಳಿದು ಬಂದ, ಸುಳ್ಳಾಡದವನೊಬ್ಬ ಹೇಳಿದ್ದನ್ನು ನಂಬಿದರೆ ಆಪ್ತವಾಕ್ಯ. ಹೊಗೆಯೆಂದುಕೊಂಡದ್ದು ಬರಿಯ ಮಂಜಾಗಿದ್ದರೇನು ಗತಿ ಎಂದು ತಂದೆ ಪ್ರಶ್ನೆ ಹಾಕಿದಾಗ ಮಗನ ಕಣ್ಣು ಕಿಟಕಿಯಾಚೆಯ ಮೈದಾನದಲ್ಲಿ ಓಡುತ್ತಿತ್ತು. ನಿನ್ನ ಬುದ್ಧಿಯೆಲ್ಲ ಮೀನಖಂಡಕ್ಕೆ ಇಳಿದಿದೆ ಕಣೋ ಎಂದು ತಂದೆ ನಗುತ್ತಿದ್ದರು; ಆ ನಗೆಯಲ್ಲಿ ಪ್ರೀತಿಯಿತ್ತೋ ತಿರಸ್ಕಾರವಿತ್ತೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಅದೇ ತಂದೆಯ ಹೊಟ್ಟೆ ಕಡೆಗಾಲದಲ್ಲಿ ಗುಡಾಣದಂತೆ ಊದಿ, ತೋಳುಗಳು ಕಡ್ಡಿಯಾಗಿ, ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಹಾಸಿಗೆ ಬದಲಿಸಲು ಮಗ ಎರಡು ಕೈಗಳಲ್ಲಿ ಎತ್ತಿಕೊಂಡಾಗ, ಇಷ್ಟು ಸಲೀಸಾಗಿ ಮೇಲೆದ್ದುಬಿಟ್ಟೆನೇ ಎಂಬ ನಾಚಿಕೆಯಿಂದ ಮುದುಕ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಹೇಗಿದ್ದೀರಿ ಎಂದು ಕೇಳಲು ಬಂದವರಿಗೆಲ್ಲ ಸಾಯುತ್ತಿದ್ದೇನೆ ಎಂದೇ ಉತ್ತರ. ಆ ಮನೆಯಲ್ಲಿ ಸೌಜನ್ಯಕ್ಕೂ ಸುಳ್ಳು ಹೇಳುವ ರೂಢಿಯಿರಲಿಲ್ಲ. ಮೊಮ್ಮಗಳು ತಾತನ ವಿದ್ಯೆಯನ್ನು ಪಡೆಯಲಿಲ್ಲವಾದರೂ ಆ ಹೆಮ್ಮೆಯನ್ನು ಪಡೆದಿದ್ದಳು.

ಶಾಲೆಯ ಆಟದ ಸಾಮಾನಿನ ಕೋಣೆಗೆ ಒಂದೇ ಕಿಟಕಿ. ಗಾಳಿ ಇಳಿದ ಚೆಂಡುಗಳು, ಅಂಚು ಹರಿದ ಚಾಪೆಗಳು, ಹಳೆಯ ರಬ್ಬರಿನ ವಾಸನೆ. ರಕ್ತ ಕೊಡುವ ದಿನದ ಬೆಳಗಿನಲ್ಲಿ ಮೇಷ್ಟರು ಬಾಗಿಲಿಗೆ ಅಗಳಿ ಹಾಕಿಕೊಂಡು ಅಲ್ಲಿ ಕೂತು ಎದ್ದು ಬೈಠಕ್ ಹೊಡೆಯುತ್ತಿದ್ದರು. ದಿನದಿನದ ನಾಲ್ಕಾರು ಬೈಠಕ್ಕಲ್ಲ. ತೊಡೆ ಉರಿಯುವವರೆಗೆ, ಉರಿದ ಮೇಲೆ ಮರಗಟ್ಟುವವರೆಗೆ. ಪರೀಕ್ಷೆಗೆ ಹೋಗುವ ರಕ್ತ ಸೋಮಾರಿಯಾಗಿ ಹೋಗಬಾರದು, ಮೈಯ ಮೂಲೆಮೂಲೆಯನ್ನೂ ತೊಳೆದುಕೊಂಡು ಚುರುಕಾಗಿ ಹೋಗಬೇಕು ಎಂಬುದು ಅವರ ನಂಬಿಕೆ. ಮೊದಲ ವರ್ಷ ಅಂಕ ಸ್ವಲ್ಪ ಏರಿತ್ತು. ಆದ್ದರಿಂದ ಮರುವರ್ಷ ಹೆಚ್ಚು ಹೊಡೆದರು. ಅಂಕ ಇನ್ನೂ ಏರಿತು. ಈ ಸಲ ನಿನ್ನೆ ಕೊಟ್ಟ ರಕ್ತಕ್ಕೆ ಮೊನ್ನೆಯೇ ಶುರುಮಾಡಿದ್ದರು. ರಕ್ತ ತೆಗೆಯುವ ಮುನ್ನ ಸೂಲಗಿತ್ತಿಯಂತೆ ಸಮಾಧಾನದ ದನಿಯ ಒಬ್ಬಾಕೆ ಎಲ್ಲರನ್ನೂ ಕೇಳುವ ಪ್ರಶ್ನೆಯೊಂದಿತ್ತು: ಎರಡು ಮೂರು ದಿನದಲ್ಲಿ ಭಾರ ಎತ್ತಿದ್ದೀರಾ, ಮೈ ದಣಿಸಿದ್ದೀರಾ? ಮೊದಲ ವರ್ಷ ಮುಂದಿದ್ದ ಗಾರೆಯವನು ಹೌದು ಎಂದಾಗ, ಹಾಗಾದರೆ ಕೆಲವು ದಿನ ಅದೆಲ್ಲ ಬಿಟ್ಟು ಬನ್ನಿ ಎಂದು ಅವನನ್ನು ಹಿಂದಕ್ಕೆ ಕಳುಹಿಸಿದ್ದನ್ನು ಮೇಷ್ಟರು ಕಣ್ಣಾರೆ ಕಂಡಿದ್ದರು. ಹೌದೆಂದವರಿಂದ ಮೈಯ ದುಡಿಮೆಯನ್ನೇ ಕಸಿದುಕೊಳ್ಳುತ್ತಾರೆ ಎಂದುಕೊಂಡರು. ದಂತವೈದ್ಯ ಇವರನ್ನು ದಿನದ ಕಡೆಯ ರೋಗಿಯಾಗಿ ಕೂರಿಸುವುದು, ಮನೆಯಲ್ಲಿ ಇವರ ಬ್ಲೇಡು ಕತ್ತರಿಗಳು ಬೇರೊಂದು ಡಬ್ಬಿಯಲ್ಲಿರುವುದು, ಹೆಂಡತಿ ಲಸಿಕೆ ಹಾಕಿಸಿಕೊಂಡು ಬಂದ ದಿನ ತೋಳು ನೋಯುತ್ತಿದ್ದರೂ ಇವರೆದುರು ನೋವಿಲ್ಲವೆಂದು ನಡೆದಾಡಿದ್ದು, ಇಷ್ಟೆಲ್ಲವನ್ನೂ ಸಹಿಸಿಯಾಗಿತ್ತು. ಬೈಠಕ್ಕೊಂದು ಉಳಿದಿತ್ತು. ಇಲ್ಲ ಎಂದರು. ಪಕ್ಕದಲ್ಲಿ ಬಿಳಿ ಕೋಟಿನಲ್ಲಿ ನಿಂತಿದ್ದ ಮಗಳು ತಲೆಯಾಡಿಸಿ ಮುಂದಿನವರನ್ನು ಕರೆದಿದ್ದಳು. ಒಮ್ಮೆ ಆಡಿದ ಇಲ್ಲ ಎಂಬ ಮಾತಿಗೆ ವರ್ಷವರ್ಷವೂ ವಯಸ್ಸಾಗುತ್ತ ಬಂದು, ಈಗ ಅದೂ ಒಂದು ಸತ್ಯದಂತೆ ಗಟ್ಟಿಯಾಗಿತ್ತು.

ಕಾಯುವ ಬೆಂಚಿನಲ್ಲಿ ಹೋದ ವರ್ಷವೂ ಸಿಕ್ಕಿದ್ದ ಬಸ್ ಕಂಡಕ್ಟರ್ ಜಾಗ ಮಾಡಿಕೊಟ್ಟ. ಅದೇ ಕಾಯಿಲೆಯವನು, ಆದರೆ ಅದನ್ನು ಎಂದೂ ಮುಚ್ಚಿಟ್ಟವನಲ್ಲ. ತನ್ನ ಅಂಕ ಗೆರೆಯ ಕೆಳಗೇ ಇದೆಯೆಂದು ಹೇಳಿ, ಆಮೇಲೆ ಮೇಷ್ಟರ ಮುಖ ನೋಡಿ ಹೇಳಬಾರದಿತ್ತೇನೋ ಎಂಬಂತೆ ತಡೆದ.

"ಇದೊಂದು ಪರೀಕ್ಷೆಗೆ ಮಾತ್ರ ಓದಿಕೊಂಡು ಬರೋ ಹಾಗಿಲ್ಲ ನೋಡಿ ಮೇಷ್ಟ್ರೇ. ಪಕ್ಕದವನದು ನೋಡಿ ಬರೆಯೋ ಹಾಗೂ ಇಲ್ಲ."

ಮೇಷ್ಟರು ನಕ್ಕರು. ತಾವು ಓದಿಕೊಂಡೇ ಬಂದವರು ಎಂಬ ಗುಟ್ಟಿನ ಸುಖ ತೊಡೆಯಲ್ಲಿ ಒಮ್ಮೆ ಮಿಡಿದು ಹೋಯಿತು.

ಯಕೃತ್ತಿನ ವೈದ್ಯರ ಕೋಣೆಯಲ್ಲಿ ಮಗಳು ಮೊದಲೇ ಬಂದು ಗೋಡೆಗೆ ಒರಗಿ ನಿಂತಿದ್ದಳು. ಅವಳು ಒರಗಿ ನಿಲ್ಲುವುದು ಮೇಷ್ಟರಿಗೆ ಸೇರದು; ಆದರೆ ಅವಳ ಕಣ್ಣ ಕೆಳಗಿನ ಕಪ್ಪನ್ನು ಕಂಡು ಏನನ್ನೂ ಹೇಳಲಿಲ್ಲ. ವೈದ್ಯರು ಸೂಜಿಯ ಕಾಲದ ಮನುಷ್ಯ, ಮಾತಿನಲ್ಲಿ ಸರಸ, ಅವಳ ಲೆಕ್ಕದ ಪದ್ಧತಿಗೆ ಒಪ್ಪಿಗೆ ಕೊಟ್ಟರೂ ಮನಸ್ಸು ಕೊಟ್ಟವರಲ್ಲ. ಅಂಕ ಈ ವರ್ಷ ಗೆರೆಯನ್ನು ದಾಟಿ ಬಹುದೂರ ಹೋಗಿದೆ ಎಂದರು. ಒಳಗೆ ಕಲೆ ದಟ್ಟವಾಗಿ ಕಟ್ಟಿರಬೇಕು. ಪಕ್ಕೆಯ ಮೇಲೆ ಒತ್ತಿ ಗಟ್ಟಿತನ ನೋಡುವ ಯಂತ್ರ ಈ ಆಸ್ಪತ್ರೆಗೆ ಇನ್ನೂ ಬಂದಿಲ್ಲ. ಆದ್ದರಿಂದ ಈ ಮಧ್ಯಾಹ್ನವೇ ಸೂಜಿ ಹಾಕಿ ಯಕೃತ್ತಿನ ಒಂದೆಳೆಯನ್ನು ತೆಗೆದು ನೋಡುವುದು. ರಕ್ತ ಸೋರುವ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎನ್ನಲಾಗದು. ಮೇಷ್ಟರಿಗೆ ಇದಾವುದೂ ಕೇಳಿಸುತ್ತಿರಲಿಲ್ಲ, ಕಣ್ಣೆದುರು ತಂದೆಯಿದ್ದರು. ಗೋಡೆಯತ್ತ ತಿರುಗಿದ ಒಂದು ಮುಖ, ಎರಡು ಕೈಗಳಲ್ಲಿ ತೂಕವೇ ಇಲ್ಲದೆ ಮೇಲೆದ್ದ ಒಂದು ಶರೀರ. ತಮ್ಮನ್ನು ಎತ್ತುವವರು ಯಾರು? ಮಗಳ ತೋಳುಗಳು ತೆಳುವಾಗಿವೆ.

ವೈದ್ಯರು ಕಾಗದದ ಮೇಲೆ ಬೆರಳಿಟ್ಟು, ಎರಡು ಕಿಣ್ವಗಳಲ್ಲಿ ಒಂದು ಮಾತ್ರ ಇಷ್ಟು ಏರಿರುವುದು ತಮಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ ಎಂದರು. ಆ ಕಿಣ್ವ ಯಕೃತ್ತಿನ ಸ್ವತ್ತು ಮಾತ್ರವಲ್ಲ, ಮಾಂಸಖಂಡದಲ್ಲೂ ಇದೆ. ಮೈಯನ್ನು ಮಿತಿಮೀರಿ ದಣಿಸಿದರೆ ಅಲ್ಲಿಂದಲೂ ರಕ್ತಕ್ಕೆ ಸೋರುತ್ತದೆ. ರಕ್ತ ತೆಗೆಯುವಾಗ ಆ ಪ್ರಶ್ನೆ ಕೇಳುವುದೇ ಅದಕ್ಕಾಗಿ. ಏನಾದರೂ...

"ಅದನ್ನ ಕೇಳೋದೇ ಬೇಡ ಸರ್," ಎಂದಳು ಮಗಳು. "ಮೂರು ವರ್ಷದಿಂದ ಕೇಳಿದೀವಿ. ನಮ್ಮಪ್ಪ ಇಲ್ಲ ಅಂದ್ರೆ ಇಲ್ಲ. ನಮ್ಮಪ್ಪ ಸುಳ್ಳು ಹೇಳಲ್ಲ."

ಅವಳು ಒರಗಿದ್ದ ಗೋಡೆಯನ್ನು ಬಿಟ್ಟು ನೆಟ್ಟಗೆ ನಿಂತು ಹೇಳಿದಳು. ಬೇರೆಯ ಯಾವ ಸಂದರ್ಭದಲ್ಲಾದರೂ ಆ ನಿಲುವನ್ನು ಕಂಡು ಮೇಷ್ಟರ ಎದೆ ತುಂಬುತ್ತಿತ್ತು. ಈಗ ಏನೋ ಒಂದು ಒಳಗೆ ಕುಸಿದು ಕುಳಿತುಕೊಂಡಿತು. ಹಾಗಾದರೆ ಹೊಗೆ ಬೆಟ್ಟದ್ದಲ್ಲ. ಅದು ಸಾಮಾನಿನ ಕೋಣೆಯದು. ಬಾಯಿ ತೆರೆದರು, ಬಂದದ್ದು ಒಂದು ಸಣ್ಣ ಕೆಮ್ಮು.

"ಆಯ್ತಮ್ಮ, ನಿಮ್ಮಪ್ಪನ ಮಾತಿಗೆ ನಾನು ಎದುರಾಡೋದಿಲ್ಲ," ಎಂದು ವೈದ್ಯರು ನಕ್ಕರು. "ನಿನ್ನ ಲೆಕ್ಕ ಗಟ್ಟಿಯೋ ನನ್ನ ಸೂಜಿ ಗಟ್ಟಿಯೋ, ಇವತ್ತು ಒಂದು ಇತ್ಯರ್ಥ ಆಗೇ ಹೋಗಲಿ. ಸೂಜಿ ಬೇರೆ ಹೇಳಿದರೆ ಮಾತ್ರ ಎಲ್ಲರಿಗೂ ಮತ್ತೆ ಸೂಜೀನೇ. ಆಮೇಲೆ ನನ್ನ ಹತ್ತಿರ ಜಗಳಕ್ಕೆ ಬರೋ ಹಾಗಿಲ್ಲ."

"ಬರಲ್ಲ ಸರ್," ಎಂದಳು ಅವಳು. ತಮಾಷೆಗೆ ಹೇಳಿದ್ದಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ ಅವರನ್ನು ಒಂದು ಸಣ್ಣ ಕೋಣೆಯ ಎತ್ತರದ ಮಂಚದ ಮೇಲೆ ಮಲಗಿಸಿದರು. ಉಟ್ಟದ್ದನ್ನೆಲ್ಲ ತೆಗೆಸಿ ತೊಡಿಸಿದ ಆಸ್ಪತ್ರೆಯ ನಿಲುವಂಗಿಗೆ ಮುಂದೆ ಮಾತ್ರ ಬಟ್ಟೆ. ಹಿಂದೆ ಎರಡು ಲಾಡಿ ಮತ್ತು ದೇವರ ದಯೆ. ಬಲಗೈಯನ್ನು ತಲೆಯ ಮೇಲಕ್ಕೆ ಮಡಿಸಿ ಮಲಗಿದಾಗ ಪಕ್ಕೆಲುಬುಗಳು ಎದ್ದು ಕಂಡವು, ವೈದ್ಯರು ಅವುಗಳ ನಡುವೆ ಬೆರಳಿನಿಂದ ತಟ್ಟುತ್ತ ಶಾಯಿಯಲ್ಲಿ ಒಂದು ಗುರುತು ಹಾಕಿದರು. ಶಾಯಿ ತಣ್ಣಗಿತ್ತು. ಮೇಷ್ಟರು ಚಾವಣಿಯನ್ನು ನೋಡುತ್ತ, ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ತಂದೆಯ ಪಾಠವನ್ನು ಒಬ್ಬರೇ ಓದಿಕೊಳ್ಳತೊಡಗಿದರು. ಸೂಜಿ ಹೋಗಲಿ. ಅದು ಪ್ರತ್ಯಕ್ಷ, ಒಳಗೆ ಇರುವುದನ್ನು ಇರುವಂತೆ ಹೇಳುತ್ತದೆ. ಯಕೃತ್ತು ಅಷ್ಟೇನೂ ಕೆಟ್ಟಿಲ್ಲವೆಂದು ಕಂಡುಬಂದರೆ ಎಲ್ಲರಿಗೂ ಸಂತೋಷ, ಹೆಂಡತಿಗೆ ನೆಮ್ಮದಿ, ಬೈಠಕ್ಕೂ ಉಳಿಯಿತು, ಮಾತೂ ಉಳಿಯಿತು. ಯಾರಿಗೂ ಏನೂ ತಿಳಿಯಬೇಕಾಗಿಲ್ಲ. ಒಂದು ಕ್ಷಣದ ನೋವಿಗೆ ಇಷ್ಟು ಸಿಗುವುದಾದರೆ ಅಗ್ಗ. ಹೀಗೆ ಅಂದುಕೊಂಡು ಅವರು ಎಷ್ಟೋ ಹಗುರಾದರು, ಉಸಿರು ಸಮವಾಯಿತು. ಆಗಲೇ ಉಳಿದ ಒಂದು ಹೆಜ್ಜೆ ಕಾಣಿಸಿತು. ಸೂಜಿ ನಿಜವಾದರೆ ಅಂಕ ಸುಳ್ಳಾಯಿತು. ಅಂಕ ಸುಳ್ಳಾದರೆ ಮಗಳು ಸುಳ್ಳಾದಳು. ಸಭೆಗಳಲ್ಲಿ ನಿಂತು ವಾದಿಸಿದ ಅವಳ ವರ್ಷಗಳು, ಕಂಡಕ್ಟರನ ಚುಚ್ಚಿಸಿಕೊಳ್ಳದ ಪಕ್ಕೆ, ಹೊರಗಿನ ಬೆಂಚಿನ ಮೇಲೆ ಕುಳಿತ ಅಷ್ಟೂ ಜನರ ಪಕ್ಕೆಗಳು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಲೆಕ್ಕಕ್ಕಿಂತ ಹೆಚ್ಚಾಗಿ ಒಬ್ಬನ ಮಾತನ್ನು ನಂಬಿದ್ದಳು, ಅಷ್ಟೇ. ನನ್ನ ಮಗಳನ್ನು ಸುಳ್ಳು ಮಾಡುವುದಕ್ಕೆ ಈ ಸೂಜಿ ಯಾರು ಎಂಬ ಹೆಮ್ಮೆ, ರೋಷದ ರೂಪದಲ್ಲಿ, ಅವರ ಬೆನ್ನುಹುರಿಯನ್ನು ಹತ್ತಿ ಬಂತು. ಅದರ ಮುಂದೆ ಇನ್ನೊಂದು ಹೆಮ್ಮೆ, ಇಷ್ಟು ದಿನ ಕಾಪಾಡಿಕೊಂಡು ಬಂದದ್ದು, ಬಹಳ ಸಣ್ಣದಾಗಿ, ಒದ್ದೆ ನೆಲದ ಮೇಲೆ ಜಾರುವ ಮುದುಕನಂತೆ ಕಂಡಿತು.

"ಉಸಿರು ಬಿಗಿಹಿಡೀರಿ ಅಂದಾಗ ಹಿಡೀಬೇಕು ಮೇಷ್ಟ್ರೇ. ಅಲ್ಲಾಡೋ ಹಾಗಿಲ್ಲ."

"ಸ್ವಲ್ಪ ನಿಲ್ಲಿ," ಎಂದು ಮೇಷ್ಟರು ಎದ್ದು ಕುಳಿತರು.

ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಶಾಸ್ತ್ರದಂತೆ ಮಾತು ಕೂಡ ಅವರಿಗೆ ಹತ್ತಿದ ವಿದ್ಯೆಯಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಅವರು ಕಲಿಸಿದ್ದೆಲ್ಲ ಮಾಡಿ ತೋರಿಸಿ ಕಲಿಸಿದ್ದು. ಮಂಚದಿಂದ ಇಳಿದರು. ಬರಿಗಾಲಲ್ಲಿ ತಣ್ಣನೆಯ ನೆಲದ ಮೇಲೆ, ಹಿಂದೆ ಬಿಚ್ಚಿಕೊಂಡ ನಿಲುವಂಗಿಯಲ್ಲಿ, ಪಾದಗಳನ್ನು ಭುಜದಗಲಕ್ಕೆ ಇಟ್ಟು, ಕೈಗಳನ್ನು ಮುಂದಕ್ಕೆ ಚಾಚಿ, ವೈದ್ಯರೂ ನರ್ಸೂ ಮಗಳೂ ನೋಡುತ್ತಿದ್ದಂತೆ ಕುಳಿತು ಎದ್ದರು. ತೊಡೆಗಳು ಗಡಗಡನೆ ನಡುಗಿದವು. ಇನ್ನೊಮ್ಮೆ ಕುಳಿತರು, ಎದ್ದರು. ನರ್ಸ್ ಮುಖ ತಿರುಗಿಸಿಕೊಂಡಳು, ಭುಜ ಕುಲುಕುತ್ತಿತ್ತು.

"ಇದು," ಎಂದರು ಮೇಷ್ಟರು, ಮಗಳ ಕಡೆಗೆ ನೋಡದೆ. "ರಕ್ತ ಕೊಡೋ ದಿನ ಇದನ್ನೇ ಹೊಡೆದುಕೊಂಡು ಬರ್ತಿದ್ದೆ. ಪ್ರತಿ ವರ್ಷ. ಈ ಸಲ ಹಿಂದಿನ ದಿನಾನೂ. ಇಲ್ಲ ಅಂತ ಹೇಳಿದ್ದು ಸುಳ್ಳು. ನಿನ್ನ ಲೆಕ್ಕ ಸರಿಯಾಗೇ ಇದೆ ಮಗು. ತಪ್ಪಿದ್ದು ನಾನು."

ಮಗಳು ಹೊರಗೆ ಹೋದಳು. ವೈದ್ಯರು ಕೈಗವಸು ಕಳಚಿ, ಕುರ್ಚಿ ಎಳೆದುಕೊಂಡು ಕುಳಿತು, ನನ್ನ ಸೂಜಿಯ ಮುಂದೆ ಜನ ಕೈಮುಗಿದದ್ದು ಕಂಡಿದ್ದೇನೆ, ಅತ್ತದ್ದು ಕಂಡಿದ್ದೇನೆ, ಬೈಠಕ್ ಹೊಡೆದದ್ದು ಇದೇ ಮೊದಲು ಎಂದರು. ಮೇಷ್ಟರು ನಿಲುವಂಗಿಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಕುಳಿತಿದ್ದರು. ಅವಳು ಕೆಳಗೆ ಹೋಗಿ, ಫ್ರಿಜ್ಜಿನಲ್ಲಿ ಉಳಿದಿದ್ದ ಅವರ ರಕ್ತದಲ್ಲಿ ಮಾಂಸದಿಂದ ಮಾತ್ರ ಸೋರುವ ಇನ್ನೊಂದು ಕಿಣ್ವವನ್ನು ತಾನೇ ಅಳೆದು ಬರುವಷ್ಟರಲ್ಲಿ ನೆಲದ ಬಿಸಿಲು ಗೋಡೆ ಹತ್ತಿತ್ತು. ಮಿತಿಗಿಂತ ಎಷ್ಟೋ ಪಟ್ಟು ಎಂದು ವೈದ್ಯರಿಗೆ ಹೇಳಿದಳು. ವೈದ್ಯರು ಸೂಜಿಯ ತಟ್ಟೆಯನ್ನು ಬಟ್ಟೆ ಮುಚ್ಚಿ ಕಳುಹಿಸಿದರು. ಆಮೇಲೆ ಅವಳು ತಂದೆಯ ಎದುರು ನಿಂತಳು.

"ಮೂರು ವರ್ಷ ನಾನು ನೆಟ್ಟಗೆ ನಿದ್ದೆ ಮಾಡಿಲ್ಲಪ್ಪ."

ಮೇಷ್ಟರು ತಲೆ ತಗ್ಗಿಸಿದರು.

"ಎಷ್ಟು ಹೊಡೆದ್ರಿ? ನಿಜ ಹೇಳಿ."

ಹೇಳಿದರು. ತಲೆ ತಗ್ಗಿಸಿಯೇ ಹೇಳಿದರೂ ದನಿಯ ಕೊನೆ ತಾನಾಗಿ ಮೇಲೆದ್ದಿತು. ಆ ಸಂಖ್ಯೆಯನ್ನು ಕೇಳಿ ಅವಳ ತುಟಿ ಬಿಗಿಯಿತು, ಸಡಿಲಿತು, ಮತ್ತೆ ಬಿಗಿಯಿತು. ಅವಳು ನಗಲಿಲ್ಲ, ಆದರೆ ಬಾಗಿ ಅವರ ಬೆನ್ನ ಹಿಂದಿನ ಲಾಡಿಯನ್ನು ಕಟ್ಟಿದಳು.

ಮುಂದಿನ ದಿನಗಳಲ್ಲಿ ಮೇಷ್ಟರು ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತೇ ಸೀಟಿ ಊದಿದರು. ಮದುವೆಯಾದಾಗಿನಿಂದ ನೀವು ಒಂದು ಕಡೆ ಹೀಗೆ ಕೂತಿದ್ದು ನೋಡಿಲ್ಲ, ಮೊದಲೇ ಗೊತ್ತಿದ್ದರೆ ಈ ಕಾಯಿಲೆ ಆವತ್ತೇ ತರಿಸುತ್ತಿದ್ದೆ ಎಂದು ಹೆಂಡತಿ ಮನೆಯಲ್ಲಿ ಹಾಸ್ಯ ಮಾಡಿದಳು. ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡದ್ದೂ ಕಂಡಿತು. ತೊಡೆಯ ನೋವು ಇಳಿದು, ಕೊನೆಗೆ ಎಲ್ಲಿತ್ತೆಂಬುದೂ ಮರೆತುಹೋಯಿತು. ಸುಮ್ಮನಿರುವುದು ಬೈಠಕ್ಕಿಗಿಂತ ಕಷ್ಟವೆಂದು ಅವರು ಯಾರಿಗೂ ಹೇಳಲಿಲ್ಲ. ಆಮೇಲೆ ಕೊಟ್ಟ ರಕ್ತದಲ್ಲಿ ಅಂಕ ಗೆರೆಯ ಕೆಳಕ್ಕೆ ಇಳಿದಿತ್ತು. ನಿರ್ಮಲವೆನ್ನುವಷ್ಟು ಅಲ್ಲ, ನಡುವಿನ ಎಡೆಗೆ. ಕಲೆ ಒಂದಿಷ್ಟು ಇರಬಹುದು, ವೈರಸ್ಸಿಗೆ ದಿನವೂ ಒಂದು ಗುಳಿಗೆ ನುಂಗಬೇಕು, ಯಂತ್ರ ಬಂದ ಮೇಲೆ ಒತ್ತಿಯೂ ನೋಡಬೇಕು, ಬೈಠಕ್ ಬೇಕಾದಷ್ಟು ಹೊಡೆಯಬಹುದು, ರಕ್ತ ಕೊಡುವ ವಾರವೊಂದನ್ನು ಬಿಟ್ಟು. ಕಸಿದುಕೊಳ್ಳುವ ಆಲೋಚನೆ ಯಾರಿಗೂ ಇರಲೇ ಇಲ್ಲ. ಗುಳಿಗೆ ಎಂಬ ಮಾತಿಗೆ ಮೇಷ್ಟರು ಆಯಿತು ಎಂದರು, ವಯಸ್ಸನ್ನು ಗುಣಿಸಿದ್ದಕ್ಕೂ ಏನೂ ಅನ್ನಲಿಲ್ಲ.

ಕಾಗದ ತೆಗೆದುಕೊಂಡು ಪ್ರಯೋಗಾಲಯದ ಬಾಗಿಲಿನಿಂದ ಹೊರಡುವಾಗ ಒಳಗೆ ಸಾಲಾಗಿ ನಿಂತ ಗಾಜಿನ ನಳಿಗೆಗಳ ಮುಂದೆ ಇಬ್ಬರು ಹುಡುಗಿಯರು ಕೆಲಸ ಮಾಡುತ್ತಿದ್ದರು. ಅಂಕ ಏರಿದವರು ಇಲ್ಲವೆನ್ನಲಿ ಹೌದೆನ್ನಲಿ, ಇನ್ನು ಮುಂದೆ ಎಲ್ಲರ ರಕ್ತದಲ್ಲೂ ಮಾಂಸದ ಕಿಣ್ವವನ್ನು ಅಳೆದೇ ಸೂಜಿಯ ಮಾತು ಎಂದು ಮಗಳು ನಿಯಮ ಮಾಡಿದ್ದಾಳೆಂಬುದು ಮೇಷ್ಟರಿಗೆ ಅದುವರೆಗೆ ಗೊತ್ತಿರಲಿಲ್ಲ. ಯಾರೋ ಒಬ್ಬ ಹಮಾಲಿಯ ನಳಿಗೆಯನ್ನು ಬೆಳಕಿಗೆ ಹಿಡಿದು ಒಬ್ಬಳು ಇನ್ನೊಬ್ಬಳಿಗೆ, ಇದಕ್ಕೆ ಮೇಷ್ಟ್ರ ಟೆಸ್ಟ್ ಆಯ್ತೇನೇ ಎಂದು ಕೂಗಿದಳು. ಆಗಿಲ್ಲ, ಮಾಡ್ತೀನಿ ಇರು ಎಂದಳು ಇನ್ನೊಬ್ಬಳು. ಮೇಷ್ಟರಿಗೆ ಅರ್ಥವಾಯಿತು: 'ಮೇಷ್ಟ್ರ ಟೆಸ್ಟ್' ಎಂಬ ಹೆಸರು ತಮ್ಮ ಸುಳ್ಳಿನಿಂದ ಹುಟ್ಟಿದ್ದು. ಅದೆಷ್ಟು ಜನರನ್ನು ಸೂಜಿಯಿಂದ ಉಳಿಸುವುದೋ ಅಷ್ಟು ಬಾರಿ ಆ ಸುಳ್ಳನ್ನೂ ಸಾರಿ ಹೇಳುವಂಥದು. ಒಳಗಿನಿಂದ ಮಗಳು ತಲೆಯೆತ್ತಿ ಅವರನ್ನು ಕಂಡು, ಮುಖ ಕೆಂಪಾಗಿಸಿಕೊಂಡು, ಹುಡುಗಿಯರನ್ನು ಗದರಿಸಲು ಬಾಯಿ ತೆರೆದಳು. ಮೇಷ್ಟರು ಬೇಡವೆಂದು ಕೈಯಾಡಿಸಿದರು. ಆ ಹೆಸರಿಗೆ ತಲೆ ತಗ್ಗಿಸಬೇಕೋ ಎತ್ತಬೇಕೋ ಎಂದು ಹೊಸ್ತಿಲಲ್ಲಿ ಒಂದು ಗಳಿಗೆ ಯೋಚಿಸಿದರು. ಆಮೇಲೆ ಎತ್ತಿಕೊಂಡೇ ನಡೆದರು.